ಟಯೋಟ್ರೋಪಿಯಂ ಪುಡಿ ಇನ್ಹೇಲರ್: ಕೆಲವು ಮಳೆಗಾಲ ಕಳೆದ ಮೇಲೆ

ನಾಲ್ಕು ಸ್ಟಾರ್. ಐದನೆಯದನ್ನು ಮಳೆಗಾಲ ಕಿತ್ತುಕೊಂಡಿದೆ. ಅದರ ವಿಷಯ ಆಮೇಲೆ.

ಮೊದಲು ವಸ್ತು ಏನು ಅಂತ ಹೇಳಿಬಿಡುತ್ತೇನೆ. ಇದರಲ್ಲಿ ಎರಡು ಭಾಗ. ಒಂದು, 18 ಮೈಕ್ರೋಗ್ರಾಂ ಟಯೋಟ್ರೋಪಿಯಂ ಇರುವ ಕ್ಯಾಪ್ಸೂಲ್. ಇನ್ನೊಂದು, ಆ ಕ್ಯಾಪ್ಸೂಲ್ ಒಳಗಿಟ್ಟು ಬಾಯಿಂದ ಪುಡಿ ಎಳೆದುಕೊಳ್ಳಲು ಅಂಗೈಯಲ್ಲಿ ಹಿಡಿಸುವ ಪ್ಲಾಸ್ಟಿಕ್ ಸಾಧನ. ದಿನಕ್ಕೆ ಒಂದೇ ಕ್ಯಾಪ್ಸೂಲ್, ಪ್ರತಿದಿನ ಅದೇ ಹೊತ್ತಿಗೆ. ಸಿಒಪಿಡಿ, ಅಂದರೆ ಉಸಿರುನಾಳ ಕಿರಿದಾಗಿ ಏದುಸಿರು ತರುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಇರುವವರಿಗೆ ಡಾಕ್ಟರು ಬರೆದುಕೊಡುವ ಔಷಧ ಇದು, ನಾವಾಗಿ ಅಂಗಡಿಗೆ ಹೋಗಿ ಕೇಳಿ ತರುವಂಥದ್ದಲ್ಲ. ಹಲವು ಕಂಪನಿಗಳು ಇದನ್ನು ಮಾಡುತ್ತವೆ. ಹಾಗಾಗಿ ನಾನು ಬರೆಯುತ್ತಿರುವುದು ಒಂದು ಬ್ರ್ಯಾಂಡಿನ ಬಗ್ಗೆ ಅಲ್ಲ, ಈ ಬಗೆಯ ಇನ್ಹೇಲರ್ ಬಗ್ಗೆ.

ನಾನು ಸಾಗರದವನು. ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ಮೇಜಿನ ಮೇಲೆ ಲೆಕ್ಕದ ಪುಸ್ತಕ ಎಷ್ಟು ಖಾಯಂ ಇತ್ತೋ ಸಿಗರೇಟ್ ಪ್ಯಾಕೂ ಅಷ್ಟೇ ಖಾಯಂ. ಒಂದು ಹಂತದಲ್ಲಿ ಬಿಟ್ಟೆ. ಬಿಡಲು ನಿಕೋಟಿನ್ ಗಮ್ ಸ್ವಲ್ಪ ಸಹಾಯ ಮಾಡಿತು, ಮನೆಯವಳ ಮುಖ ಜಾಸ್ತಿ ಸಹಾಯ ಮಾಡಿತು. ಬಿಟ್ಟ ಮೇಲೆ ಕೆಮ್ಮು ಇಳಿಯಬೇಕಲ್ವಾ? ಕಫ ಇನ್ನೂ ಹೆಚ್ಚಾಯಿತು. ಉಸಿರುನಾಳದ ಒಳಮೈಯಲ್ಲಿ ಕಫವನ್ನು ಮೇಲಕ್ಕೆ ತಳ್ಳುವ ಸಣ್ಣ ಸಣ್ಣ ರೋಮಗಳಿರುತ್ತವೆ. ಹೊಗೆಗೆ ಅವು ಮಂಕಾಗಿರುತ್ತವೆ, ಹೊಗೆ ನಿಂತ ಮೇಲೆ ಮತ್ತೆ ಕೆಲಸಕ್ಕೆ ಇಳಿಯುತ್ತವೆ. ಅದಕ್ಕೇ ಮೊದಲ ಕೆಲವು ವಾರ ಕಫ ಕಿತ್ತು ಬರುತ್ತದೆ. ಅದು ನಿಂತಿತು. ಏದುಸಿರು ಮಾತ್ರ ನಿಲ್ಲಲಿಲ್ಲ.

ಶಿವಮೊಗ್ಗದಲ್ಲಿ ಸ್ಪೈರೋಮೆಟ್ರಿ ಮಾಡಿಸಿದರು. ಮೂಗಿಗೆ ಕ್ಲಿಪ್ ಹಾಕಿ, ಎದೆ ತುಂಬ ಗಾಳಿ ಎಳೆದು, ಜೋರಾಗಿ ಊದಬೇಕು, ಇನ್ನು ಗಾಳಿಯೇ ಇಲ್ಲ ಅನ್ನುವವರೆಗೆ. ಆಮೇಲೆ ಉಸಿರುನಾಳವನ್ನು ಬೇಗ ಸಡಿಲಿಸುವ ಸಾಲ್ಬುಟಮಾಲ್ ಔಷಧ ಕೊಟ್ಟು, ಸ್ವಲ್ಪ ಹೊತ್ತು ಕೂರಿಸಿ, ಮತ್ತೆ ಊದಿಸುತ್ತಾರೆ. ಊದಿದ ಒಟ್ಟು ಗಾಳಿಯಲ್ಲಿ ಮೊದಲ ಒಂದು ಸೆಕೆಂಡಿಗೆ ಎಷ್ಟು ಹೊರಬಂತು ಅನ್ನುವುದೇ ಲೆಕ್ಕ. ಔಷಧ ಕೊಟ್ಟ ಮೇಲೂ ಆ ಪಾಲು 0.70ಕ್ಕಿಂತ ಕಡಿಮೆ ಇದ್ದರೆ ನಾಳ ಕಿರಿದಾಗಿದೆ ಅಂತ ಅರ್ಥ. ನನ್ನದು ಕಡಿಮೆಯೇ ಇತ್ತು. ಸಿಒಪಿಡಿ, ಮಧ್ಯಮ ಹಂತ ಅಂದರು.

ಪಕ್ಕದ ಮನೆಯವರು ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಬಿಟ್ಟಿದ್ದಕ್ಕೇ ಬಂತು ಮಾರಾಯ್ರೆ, ಸೇದ್ತಾ ಇದ್ದಾಗ ಆರಾಮಾಗಿದ್ರಿ." ಹೊಸದಾಗಿ ಗೊತ್ತಾದಾಗ ಈ ಮಾತು ಎಷ್ಟು ಒಳಗೆ ಇಳಿಯುತ್ತದೆ ಅಂದರೆ, ರಾತ್ರಿ ಹೊತ್ತು ನಿಜವೇ ಇರಬಹುದೇನೋ ಅನ್ನಿಸುತ್ತದೆ. ನಿಜ ಅಲ್ಲ. ಅಮೆರಿಕ, ಕೆನಡಾದಲ್ಲಿ ನಡೆದ ಲಂಗ್ ಹೆಲ್ತ್ ಸ್ಟಡಿಯಲ್ಲಿ ಈ ಕಾಯಿಲೆಯ ಶುರುವಿನಲ್ಲಿದ್ದವರನ್ನು 11 ವರ್ಷ ಗಮನಿಸಿದ್ದಾರೆ. ಒಂದು ಸೆಕೆಂಡಿಗೆ ಊದುವ ಗಾಳಿ, ಸಿಗರೇಟ್ ಬಿಟ್ಟೇಬಿಟ್ಟ ಗಂಡಸರಲ್ಲಿ ವರ್ಷಕ್ಕೆ ಸುಮಾರು 30 ಮಿಲಿಲೀಟರ್ ಇಳಿದಿತ್ತು. ಸೇದುತ್ತಲೇ ಇದ್ದವರಲ್ಲಿ ಸುಮಾರು 66. ಜೀವನವಿಡೀ ಲೆಕ್ಕ ಬರೆದವನಿಗೆ ಇದಕ್ಕಿಂತ ಬೇರೆ ಸಮಾಧಾನ ಬೇಕಿರಲಿಲ್ಲ. ಕಳೆದುಹೋದದ್ದು ವಾಪಸ್ ಬರುವುದಿಲ್ಲ. ಮುಂದಿನ ಸೋರಿಕೆ ಅರ್ಧಕ್ಕಿಂತ ಕಡಿಮೆಯಾಯಿತು.

ಈಗ ಸಾಧನಕ್ಕೆ ಬರೋಣ. ನಮ್ಮಲ್ಲಿ ಸಿಗುವವುಗಳಲ್ಲಿ ಮುಖ್ಯವಾಗಿ ಎರಡು ಮಾದರಿ. ರೋಟಾಹೇಲರ್‌ನಂಥದರಲ್ಲಿ ಕ್ಯಾಪ್ಸೂಲನ್ನು ಚೌಕದ ತೂತಿಗೆ ಒತ್ತಿ, ಬುಡ ತಿರುಗಿಸಿದರೆ ಅದು ಎರಡು ಹೋಳಾಗಿ ಪುಡಿ ಒಳಗೆ ಬೀಳುತ್ತದೆ. ರಿವೊಲೈಜರ್‌ನಂಥದರಲ್ಲಿ ಕ್ಯಾಪ್ಸೂಲ್ ಇಟ್ಟು ಮುಚ್ಚಿದರೆ ಸೂಜಿ ಅದಕ್ಕೆ ತೂತು ಮಾಡುತ್ತದೆ. ನಾನು ಎರಡನ್ನೂ ಬಳಸಿದ್ದೇನೆ, ಈಗ ಎರಡನೆಯದರಲ್ಲಿ ನಿಂತಿದ್ದೇನೆ. ತಿರುಗಿಸುವ ಮಾದರಿ ಸರಳ, ಪಾರದರ್ಶಕ, ಪುಡಿ ಉಳಿದಿದ್ದರೆ ಕಣ್ಣಿಗೇ ಕಾಣುತ್ತದೆ. ಆದರೆ ಒಡೆದ ಮೇಲೆ ಓರೆ ಹಿಡಿದರೆ ಪುಡಿ ಚೆಲ್ಲುತ್ತದೆ. ಬೆಳಿಗ್ಗೆ ಕೈ ಸ್ವಲ್ಪ ನಡುಗುವ ವಯಸ್ಸಿನವರಿಗೆ ಚುಚ್ಚುವ ಮಾದರಿಯೇ ವಾಸಿ.

ಚುಚ್ಚುವುದರಲ್ಲಿ ಇನ್ನೊಂದು ಲಾಭ ಸದ್ದು. ಸರಿಯಾಗಿ ಎಳೆದರೆ ಕ್ಯಾಪ್ಸೂಲ್ ಒಳಗೆ ತಿರುಗಿ, ಬೆಂಕಿಪೆಟ್ಟಿಗೆಯಲ್ಲಿ ಹಿಡಿದಿಟ್ಟ ಜೀರುಂಡೆಯ ಹಾಗೆ ಗುರ್ರ್ ಅನ್ನುತ್ತದೆ. ಸದ್ದು ಬರಲಿಲ್ಲ ಅಂದರೆ ಎಳೆತ ಸಾಲಲಿಲ್ಲ, ಇಲ್ಲವೇ ಕ್ಯಾಪ್ಸೂಲ್ ಸಿಕ್ಕಿಕೊಂಡಿದೆ.

ಕ್ರಮ ಹೀಗೆ. ನೆಟ್ಟಗೆ ಕೂತುಕೊಳ್ಳಿ ಅಥವಾ ನಿಂತುಕೊಳ್ಳಿ. ಉಸಿರು ಪೂರ್ತಿ ಹೊರಗೆ ಬಿಡಿ, ಆದರೆ ಸಾಧನದಿಂದ ಮುಖ ತಿರುಗಿಸಿ ಬಿಡಿ. ಬಾಯಿಯ ತೇವ ಒಳಗೆ ಹೋದರೆ ಪುಡಿ ಗಂಟು ಕಟ್ಟುತ್ತದೆ. ತುಟಿ ಬಿಗಿಯಾಗಿ ಮುಚ್ಚಿ, ರಭಸವಾಗಿ, ಆಳವಾಗಿ ಎಳೆಯಿರಿ. ಹತ್ತು ಸೆಕೆಂಡು ಹಿಡಿದಿಡಿ, ಅಷ್ಟಾಗದಿದ್ದರೆ ಆದಷ್ಟು. ಮುಚ್ಚಳ ತೆಗೆದು ನೋಡಿ, ಪುಡಿ ಉಳಿದಿದ್ದರೆ ಅದೇ ಕ್ಯಾಪ್ಸೂಲನ್ನು ಇನ್ನೊಮ್ಮೆ ಎಳೆಯಿರಿ. ಪುಡಿ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ, ಜೊತೆ ಬೆರೆಸಿದ್ದು, ನಾಲಿಗೆಗೆ ಒಂಚೂರು ಸಿಹಿ ತಾಗಬಹುದು. ಹಾಲಿನ ಪ್ರೋಟೀನಿಗೆ ತೀವ್ರ ಅಲರ್ಜಿ ಇರುವವರು ಮೊದಲೇ ಡಾಕ್ಟರಿಗೆ ಹೇಳಬೇಕು.

ಇಷ್ಟನ್ನು ಯಾರೂ ಹೇಳಿಕೊಡುವುದಿಲ್ಲ, ಅದೇ ತೊಂದರೆ. ಚೀಟಿ ಬರೆಯುತ್ತಾರೆ, ಮೆಡಿಕಲ್ ಶಾಪಿನವರು ಕೈಗೆ ಕೊಡುತ್ತಾರೆ, ಮುಗಿಯಿತು. ಕ್ಲಿನಿಕ್‌ನಲ್ಲಿ ನನ್ನ ಪಕ್ಕ ಕೂತಿದ್ದ ಹಿರಿಯರೊಬ್ಬರು ಈ ಕ್ಯಾಪ್ಸೂಲನ್ನು ನೀರು ಕುಡಿದು ನುಂಗುತ್ತಿದ್ದರು. ತಪ್ಪು ಅವರದಲ್ಲ. ಕ್ಯಾಪ್ಸೂಲ್ ಅಂದರೆ ನುಂಗುವುದು ಅಂತ ತಾನೇ ನಮಗೆ ಗೊತ್ತಿರುವುದು? ಇದನ್ನು ನುಂಗಿದರೆ ಶ್ವಾಸಕೋಶಕ್ಕೆ ಏನೂ ತಲುಪುವುದಿಲ್ಲ. ಮುಂದಿನ ಸಲ ಹೋಗುವಾಗ ಸಾಧನ ಜೊತೆಗೇ ಒಯ್ದು, ಡಾಕ್ಟರ ಎದುರಿಗೇ ಒಮ್ಮೆ ಎಳೆದು ತೋರಿಸಿ. ಅವರು ನೋಡುವುದಿಲ್ಲ ಅಂದರೆ ನೋಡುವ ಡಾಕ್ಟರನ್ನು ಹುಡುಕಿ.

ನನಗೆ ಎಳೆಯುವುದು ಕಷ್ಟವಾಗಲಿಲ್ಲ. ತುಟಿ ಬಿಗಿದು, ಎದೆಯ ತಳದವರೆಗೆ ಎಳೆದು, ಹಿಡಿದಿಟ್ಟು ಬಿಡುವ ವಿದ್ಯೆಯಲ್ಲಿ ಸಿಗರೇಟ್ ನನ್ನನ್ನು ಪಳಗಿಸಿತ್ತು. ಅದರಿಂದ ಬಂದ ಲಾಭ ಅಂತ ಇದ್ದರೆ ಇದೊಂದೇ.

ಕೆಲಸ ಮಾಡುತ್ತದೆಯೇ? ಮಾಡುತ್ತದೆ, ಆದರೆ ನಿರೀಕ್ಷೆ ಸರಿ ಇರಬೇಕು. ದಮ್ಮು ಹತ್ತಿದಾಗ ಇದನ್ನು ಎಳೆದರೆ ಆ ಕ್ಷಣಕ್ಕೆ ಉಪಯೋಗವಿಲ್ಲ. ಅದಕ್ಕೆ ಸಾಲ್ಬುಟಮಾಲ್ ಪಂಪ್ ಬೇರೆಯೇ ಇಟ್ಟುಕೊಳ್ಳಬೇಕು. ಟಯೋಟ್ರೋಪಿಯಂ ಉಸಿರುನಾಳದ ಸುತ್ತಲಿನ ಸ್ನಾಯು ಬಿಗಿಯಾಗದಂತೆ ಇಡೀ ದಿನ ತಡೆದು ಹಿಡಿಯುತ್ತದೆ. ಒಂದು ದಿನ ತಗೊಂಡು "ಏನೂ ಆಗಲಿಲ್ಲ" ಅಂತ ಬಿಡುವವರೇ ಜಾಸ್ತಿ. ನನಗೆ ಮೊದಲು ಗೊತ್ತಾದದ್ದು ಸ್ನಾನದ ಹೊತ್ತಿನಲ್ಲಿ. ತಲೆ ಒರೆಸಿಕೊಳ್ಳಲು ಎರಡೂ ಕೈ ಮೇಲೆತ್ತಿದಾಗ ಉಸಿರು ಸಿಕ್ಕಿಕೊಳ್ಳುತ್ತಿತ್ತು, ಅದು ಕಡಿಮೆಯಾಗಿತ್ತು. ಮೆಟ್ಟಿಲಿನ ವ್ಯತ್ಯಾಸ ಗೊತ್ತಾದದ್ದು ಅದಾದ ಮೇಲೆ. ಗಣಪತಿ ಕೆರೆ ಏರಿ ಮೇಲೆ ಈಗ ಮಾತಾಡುತ್ತಾ ನಡೆಯಬಲ್ಲೆ. ಮಾತು, ನಡಿಗೆ ಎರಡೂ ಒಟ್ಟಿಗೆ, ಅದು ಮುಖ್ಯ.

ಆದರೆ ಒಂದು ವಿಷಯ ಪೊಟ್ಟಣದ ಮೇಲೆ ಇರುವುದಿಲ್ಲ. ಇದೇ ಔಷಧವನ್ನು ಸುಮಾರು 6,000 ರೋಗಿಗಳ ಮೇಲೆ ನಾಲ್ಕು ವರ್ಷ ಪರೀಕ್ಷಿಸಿದ ಅಪ್‌ಲಿಫ್ಟ್ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಉಸಿರಾಟ ಸುಧಾರಿಸಿತು, ಕಾಯಿಲೆ ಇದ್ದಕ್ಕಿದ್ದಂತೆ ಕೆರಳುವುದು ಕಡಿಮೆಯಾಯಿತು. ಶ್ವಾಸಕೋಶದ ಶಕ್ತಿ ವರ್ಷವರ್ಷ ಇಳಿಯುವ ವೇಗ ಮಾತ್ರ ಹೇಳಿಕೊಳ್ಳುವಷ್ಟು ತಗ್ಗಲಿಲ್ಲ. ಅಂದರೆ ಇವತ್ತಿನ ದಿನವನ್ನು ಈ ಕ್ಯಾಪ್ಸೂಲ್ ಹಗುರ ಮಾಡುತ್ತದೆ, ಮುಂದಿನ ವರ್ಷಗಳನ್ನು ಉಳಿಸುವ ಕೆಲಸ ಸಿಗರೇಟ್ ಬಿಟ್ಟದ್ದರಿಂದ ಆಗುತ್ತದೆ. "ಹೇಗೂ ಇನ್ಹೇಲರ್ ಇದೆಯಲ್ಲ, ದಿನಕ್ಕೊಂದು ಸೇದಿದರೆ ಏನು" ಅನ್ನುವವರಿಗೆ ಈ ಸಾಲನ್ನು ಎರಡು ಸಲ ಓದಿಸಿ. ಬಿಡಲು ಕಷ್ಟಪಡುತ್ತಿರುವವರಿಗೆ 1800-112-356 ಇದೆ. ಸರ್ಕಾರದ ತಂಬಾಕು ಬಿಡಿಸುವ ಸಹಾಯವಾಣಿ, ಕರೆ ಉಚಿತ. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದಿಂದ ಕನ್ನಡದಲ್ಲೂ ಮಾತಾಡುತ್ತಾರೆ.

ಅಡ್ಡಪರಿಣಾಮದಲ್ಲಿ ನನ್ನನ್ನು ಕಾಡಿದ್ದು ಬಾಯಿ ಒಣಗುವುದು. ಪಕ್ಕದಲ್ಲಿ ನೀರು ಇಟ್ಟುಕೊಂಡರೆ ನಡೆಯುತ್ತದೆ. ಪ್ರಾಸ್ಟೇಟ್ ದೊಡ್ಡದಾಗಿರುವ ಗಂಡಸರಿಗೆ ಮೂತ್ರ ಕಟ್ಟಿದಂತಾಗಬಹುದು. ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡಕ್ಕೆ ಸಂಬಂಧಿಸಿದ ಕಾಯಿಲೆ) ಇರುವವರು ಕಣ್ಣಿಗೆ ಪುಡಿ ತಾಗದಂತೆ ನೋಡಿಕೊಳ್ಳಬೇಕು, ಕ್ಯಾಪ್ಸೂಲ್ ಮುಟ್ಟಿದ ಕೈ ತೊಳೆದುಕೊಳ್ಳಬೇಕು. ಇವೆರಡರಲ್ಲಿ ಯಾವುದಿದ್ದರೂ ಡಾಕ್ಟರಿಗೆ ಮೊದಲೇ ಹೇಳಿ. ನಾಚಿಕೆ ಬೇಡ.

ಈಗ ಆ ಐದನೇ ಸ್ಟಾರ್. ಜೂನ್‌ನಿಂದ ನಮ್ಮ ಕಡೆ ಒಗೆದ ಬಟ್ಟೆ ವಾರವಾದರೂ ಒಣಗುವುದಿಲ್ಲ, ಚಪ್ಪಲಿಗೆ ಬೂಸ್ಟು ಹಿಡಿಯುತ್ತದೆ. ಇಂಥ ಗಾಳಿಯಲ್ಲಿ ಒಣಪುಡಿಯ ಔಷಧ ಅಂದರೆ ಯೋಚಿಸಿ. ಕ್ಯಾಪ್ಸೂಲ್ ಮೆತ್ತಗಾಗುತ್ತದೆ, ಸೂಜಿ ನೆಟ್ಟಗೆ ಚುಚ್ಚುವುದಿಲ್ಲ, ಪುಡಿ ಗೋಡೆಗೆ ಅಂಟಿ ಕೂರುತ್ತದೆ. ಹಾಗಾಗಿ ಸ್ಟ್ರಿಪ್‌ನಲ್ಲಿ ಬರುವುದಾದರೆ ಎಳೆಯುವ ಹೊತ್ತಿಗೆ ಮಾತ್ರ ಒಂದು ಬಿಡಿಸಿ. ಡಬ್ಬಿಯಲ್ಲಿ ಬರುವುದಾದರೆ ಒಳಗಿರುವ ತೇವ ಹೀರುವ ಪೊಟ್ಟಣ ಎಸೆಯಬೇಡಿ, ಮುಚ್ಚಳ ತಕ್ಷಣ ಹಾಕಿ. ಬಚ್ಚಲಿನ ಹತ್ತಿರ, ಅಡುಗೆಮನೆ ಕಿಟಕಿಯಲ್ಲಿ ಇಡಬೇಡಿ. ಸಾಧನ ತೊಳೆದರೆ ಇಡೀ ದಿನ ಗಾಳಿಗೆ ಒಣಗಲು ಬಿಡಬೇಕು, ಮಳೆಗಾಲದಲ್ಲಿ ಅದೂ ಸಾಲದು. ನಾನು ಎರಡು ಸಾಧನ ಇಟ್ಟುಕೊಂಡಿದ್ದೇನೆ, ಒಂದು ಒಣಗುತ್ತಿದ್ದರೆ ಇನ್ನೊಂದು ಬಳಕೆಯಲ್ಲಿ. ಸಾಧನದ ಬೆಲೆ ಔಷಧದ ಮುಂದೆ ಏನೂ ಅಲ್ಲ, ಎರಡು ತಗೊಳ್ಳಿ. ತೀರಾ ಒದ್ದೆ ಊರಿನವರು ಪುಡಿಯ ಬದಲು ಸ್ಪ್ರೇ ಬಗೆಯ ಪಂಪನ್ನು ಸ್ಪೇಸರ್ (ಪಂಪಿಗೂ ಬಾಯಿಗೂ ನಡುವೆ ಇಡುವ ಕೊಳವೆ) ಜೊತೆ ಬಳಸಬಹುದೇ ಅಂತ ಕೇಳುವುದರಲ್ಲಿ ತಪ್ಪಿಲ್ಲ.

ಸ್ಪ್ರೇ ಪಂಪಿನ ರೀತಿ ಇದಕ್ಕೆ ಪೂರ್ತಿ ಉಲ್ಟಾ. ಪುಡಿಯನ್ನು ರಭಸದಿಂದ ಎಳೆಯಬೇಕು, ಸ್ಪ್ರೇಯನ್ನು ನಿಧಾನವಾಗಿ. ಎರಡೂ ಮನೆಯಲ್ಲಿದ್ದರೆ ಅದಲುಬದಲಾಗುತ್ತದೆ. ನನ್ನ ಹೆಂಡತಿ ಎರಡರ ಮೇಲೂ ಬಣ್ಣದ ಟೇಪ್ ಅಂಟಿಸಿಟ್ಟಿದ್ದಾಳೆ. ಸಾಲ್ಬುಟಮಾಲ್ ಪಂಪಿನಲ್ಲಿ ಸಾಮಾನ್ಯವಾಗಿ 200 ಪಫ್ ಇರುತ್ತದೆ. ಖಾಲಿಯೋ ಇಲ್ಲವೋ ನೋಡಲು ನೀರಿನಲ್ಲಿ ತೇಲಿಸುವ ಹಳೇ ಉಪಾಯ ನಂಬಬೇಡಿ, ಔಷಧ ಮುಗಿದ ಮೇಲೂ ಗ್ಯಾಸ್ ಉಳಿದಿರುತ್ತದೆ.

"ಪಂಪ್ ಹಿಡಿದರೆ ಬಿಡಕ್ಕಾಗಲ್ಲ" ಅನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ಕಾಯಿಲೆ ಬಿಡುವುದಿಲ್ಲ, ಅದಕ್ಕೆ ಔಷಧವನ್ನೂ ಬಿಡುವುದಿಲ್ಲ. ಬಿಪಿ ಮಾತ್ರೆ ತಿನ್ನುವವರನ್ನು ಯಾರೂ ಹೀಗೆ ಹೆದರಿಸುವುದಿಲ್ಲ. ಮದುವೆಮನೆಯಲ್ಲಿ ಎಳೆದಾಗ ಪಕ್ಕದವರು ಕುರ್ಚಿ ಸರಿಸಿದ್ದೂ ಇದೆ. ಇದು ಅಂಟುವ ರೋಗವಲ್ಲ ಅಂತ ಊಟದ ಪಂಕ್ತಿಯಲ್ಲಿ ಭಾಷಣ ಮಾಡುವ ಉಮೇದು ನನಗಿಲ್ಲ. ಹೇಗೂ ಬೆಳಿಗ್ಗೆ ಒಂದೇ ಸಲ ಆದ್ದರಿಂದ ಮನೆಯಲ್ಲೇ ಮುಗಿಸಿ ಹೊರಡುತ್ತೇನೆ.

ಇದರ ಜೊತೆಗೆ ಕೊಂಡ ಬೇರೆ ಸಾಮಾನುಗಳ ಬಗ್ಗೆ ಚುಟುಕಾಗಿ. ಮೂರು ಚೆಂಡಿನ ಉಸಿರಾಟದ ಸಾಧನ ಮುಖ್ಯವಾಗಿ ಆಪರೇಷನ್ ಆದವರಿಗೆ, ನನ್ನದು ಮೊಮ್ಮಗನ ಆಟಿಕೆಯಾಗಿದೆ. ಬೆರಳಿಗೆ ಹಾಕುವ ಆಕ್ಸಿಮೀಟರ್ ಇರಲಿ, ಆದರೆ ಚಳಿಗೆ ಬೆರಳು ತಣ್ಣಗಿದ್ದರೆ ಸುಳ್ಳು ಹೇಳುತ್ತದೆ. ಪ್ರತಿ ಗಂಟೆಗೊಮ್ಮೆ ನೋಡುತ್ತಾ ಕೂತರೆ ಸುಮ್ನೆ ಗಾಬರಿ. ದುಡ್ಡು ಕೊಡದೆ ಸಿಕ್ಕಿದ ಒಳ್ಳೆಯ ವಸ್ತು ಅಂದರೆ ತುಟಿ ಮುದುಡಿ ನಿಧಾನವಾಗಿ ಉಸಿರು ಬಿಡುವ ಅಭ್ಯಾಸ. ಮೂಗಿನಿಂದ ಎಳೆದು, ಎಳೆದದ್ದರ ಎರಡರಷ್ಟು ಹೊತ್ತು ಬಾಯಿಂದ ಬಿಡಬೇಕು. ಏರು ಹತ್ತುವಾಗ ಇದೇ ನನ್ನ ಊರುಗೋಲು. ವರ್ಷಕ್ಕೊಂದು ಫ್ಲೂ ಲಸಿಕೆ ಹಾಕಿಸುತ್ತೇನೆ, ನ್ಯುಮೋನಿಯಾ ಲಸಿಕೆಯ ಬಗ್ಗೆಯೂ ಡಾಕ್ಟರನ್ನು ಕೇಳಿ. ಬಚ್ಚಲ ಒಲೆಗೆ ಸೌದೆ ಒಟ್ಟುವುದನ್ನು ನಿಲ್ಲಿಸಿ ಗ್ಯಾಸ್ ಗೀಸರ್ ಹಾಕಿಸಿದೆವು. ಹಂಡೆ ನೀರಿನ ಸ್ನಾನದ ಸುಖ ಹೋಯಿತು, ನಿಜ. ಆದರೆ ಸೌದೆ ಹೊಗೆಯೂ ಇದೇ ಕಾಯಿಲೆ ತರುತ್ತದೆ. ಒಂದು ಸಿಗರೇಟೂ ಮುಟ್ಟದ ಎಷ್ಟೋ ಹೆಂಗಸರಿಗೆ ಸಿಒಪಿಡಿ ಬಂದಿರುವುದು ಒಲೆ ಮುಂದೆ ಕೂತೇ.

ಯಾರಿಗೆ ಈ ಇನ್ಹೇಲರ್ ಬೇಡ? ರಭಸವಾಗಿ ಎಳೆಯುವ ಶಕ್ತಿ ಇಲ್ಲದವರಿಗೆ. ಕ್ಯಾಪ್ಸೂಲ್ ಗುರ್ರ್ ಅನ್ನದಿದ್ದರೆ ಅವರು ಸ್ಪೇಸರ್ ಅಥವಾ ಔಷಧವನ್ನು ಮಂಜಿನಂತೆ ಮಾಡಿ ಕೊಡುವ ನೆಬ್ಯುಲೈಸರ್ ಯಂತ್ರದ ಬಗ್ಗೆ ಕೇಳಬೇಕು. ತಗೊಳ್ಳುವವರು ಒಂದು ನೋಡಿಕೊಳ್ಳಿ. ಅಂಗಡಿಯಲ್ಲಿ ನಿಮ್ಮ ಕ್ಯಾಪ್ಸೂಲ್ ಸ್ಟಾಕ್ ಇಲ್ಲ ಅಂತ ಬೇರೆ ಕಂಪನಿಯದು ಕೊಟ್ಟರೆ, ಅದು ನಿಮ್ಮ ಸಾಧನಕ್ಕೆ ಹೊಂದುತ್ತದೆಯೇ ಅಂತ ಕೇಳಿ, ಗೊತ್ತಿಲ್ಲ ಅಂದರೆ ಮುಂದಿನ ಅಂಗಡಿಗೆ ಹೋಗಿ.