ಹಂಚಿನ ಮಾಡು ಬಿಚ್ಚಿ ಸ್ಟೀಲ್ ಫ್ರೇಮ್ ಹಾಕಿಸಿದ್ವಿ, ಕಾಂಟ್ರ್ಯಾಕ್ಟರ್ ಕೆಲಸ ಹೇಗಿತ್ತು ಅಂದ್ರೆ

ತೀರ್ಥಹಳ್ಳಿ ತಾಲೂಕಲ್ಲಿರೋ ನಮ್ಮ ಹಳೇ ಮನೆಗೆ ಈ ಬೇಸಿಗೇಲಿ ಮಾಡು ಪೂರ್ತಿ ಹೊಸದು ಮಾಡಿಸಿದ್ವಿ. ಪಕಾಸಿ (ಮಾಡಿನ ಇಳಿಜಾರು ಮರ), ರೀಪಿಗೆಲ್ಲ (ಹಂಚು ಕೂರೋ ಅಡ್ಡಪಟ್ಟಿ) ಒರಲೆ ಹಿಡಿದಿತ್ತು, ವರ್ಷಾ ವರ್ಷ ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸಿದ್ರೂ ಸೋರೋದು ನಿಲ್ತಿರ್ಲಿಲ್ಲ, ಅದ್ರ ಮೇಲೆ ಮಂಗನ ಕಾಟ ಬೇರೆ. ಮರದ್ದೆಲ್ಲ ತೆಗೆದು ಜಿಐ ಪೈಪಿನ (ಸತುವಿನ ಲೇಪ ಇರೋ ಕಬ್ಬಿಣದ ಪೈಪ್) ಫ್ರೇಮ್ ಕೂರಿಸಿ ಅದೇ ಮಂಗಳೂರು ಹಂಚು ವಾಪಸ್ ಹೊದಿಸ್ಬೇಕು, ಇದು ಕೆಲಸ. ಮಾಡಿದ್ದು ಪೇಟೆಯ ಒಬ್ರು ಫ್ಯಾಬ್ರಿಕೇಶನ್ ಕಾಂಟ್ರ್ಯಾಕ್ಟರ್, ಹೊಗಳೋದೂ ಇದೆ ದೂರೋದೂ ಇದೆ ಅದಕ್ಕೆ ಹೆಸರು ಹಾಕ್ತಿಲ್ಲ.

ಮುಂಚೆ ಬಂದು ನೋಡಿದೋರೆಲ್ಲ "ಹಂಚು ಯಾಕೆ ಗೌಡ್ರೆ, ಕಲರ್ ಶೀಟ್ ಹಾಕ್ಸಿ, ಖರ್ಚೂ ಕಮ್ಮಿ ಮಂಗನ ತಲೆಬಿಸಿನೂ ಇಲ್ಲ" ಅಂತಾನೇ ಹೇಳಿದ್ರು. ಅಲ್ಲ, ನಮ್ದು ಆಗುಂಬೆ ಮಗ್ಗುಲು, ಅಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೇಲೆ ಮಳೆ. ಆರಿದ್ರ ಮಳೆ ಹಿಡ್ಕೊಂಡ್ರೆ ಶೀಟಿನ ಕೆಳಗೆ ಎದುರು ಕೂತೋರ ಮಾತೂ ಕೇಳ್ಸಲ್ಲ, ಬೇಸಿಗೇಲಿ ಒಳಗಡೆ ಕೂರಕ್ಕಾಗಲ್ಲ. ಅಮ್ಮ ಖಡಾಖಂಡಿತವಾಗಿ ಬೇಡ ಅಂದ್ರು, ನಂಗೂ ಇಷ್ಟ ಇರ್ಲಿಲ್ಲ.

ಇವ್ರಿಗೇ ಕೊಡೋಣ ಅನ್ಸಿದ್ದಕ್ಕೆ ಕಾರಣ ಇದೆ. ಬಂದವ್ರು ಟೇಪ್ ಬಿಚ್ಚೋದಕ್ಕೆ ಮುಂಚೆ ಸೂರಿಂದ ಒಂದಷ್ಟು ಹಂಚು ಇಳಿಸಿದ್ರು, ತಿರುಗಿಸಿ ಯಾವ ಕಾರ್ಖಾನೆ ಮುದ್ರೆ ಅಂತ ನೋಡಿದ್ರು, ಬೆರಳ ಗೆಣ್ಣಲ್ಲಿ ತಟ್ಟಿ ಟಣ್ ಅಂದ ಗಟ್ಟಿ ಹಂಚು ಒಂದು ಕಡೆ, ದಬ್ ಅಂದ ಬಿರುಕಿಂದು ಇನ್ನೊಂದು ಕಡೆ ಇಟ್ರು. ಆಮೇಲೆ ಅಂಗಳದಲ್ಲಿ ಪೈಪ್ ತುಂಡು ಇಟ್ಟು ಹಂಚು ಒಂದಕ್ಕೊಂದು ಸಿಗಿಸಿ ರೀಪಿನ ಅಂತರ ಎಷ್ಟು ಬೇಕು ಅಂತ ಗುರುತು ಹಾಕ್ಕೊಂಡ್ರು. ಇದು ಸಣ್ಣ ವಿಷಯ ಅಲ್ಲ. ಬಾಸೆಲ್ ಮಿಷನ್‌ನೋರು 1865ರಲ್ಲಿ ಮಂಗಳೂರಿನ ಜೆಪ್ಪುನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ಮೇಲೆ ಆ ಕಡೆ ಎಷ್ಟೋ ಕಾರ್ಖಾನೆ ಎದ್ದವು, ಅಚ್ಚು ಎಲ್ಲಾರದ್ದೂ ಒಂದೇ ಅಲ್ಲ, ಕಾಲಿಂಚು ಅರ್ಧ ಇಂಚು ಆಚೆ ಈಚೆ ಇರತ್ತೆ. ಮರದ ರೀಪಾದ್ರೆ ಮೊಳೆ ಕಿತ್ತು ಸರಿಸ್ಬಹುದು, ಪೈಪಿಗೆ ವೆಲ್ಡ್ ಮಾಡಿದ್ಮೇಲೆ ಮುಗೀತು, ಹಂಚು ಸರಿಯಾಗಿ ಕೂರದೆ ಅಡ್ಡಮಳೆ ಒಳಗೆ ಬರತ್ತೆ. ಒಡೆದಿದ್ದಕ್ಕೆ ಬದಲಿ ಕೂಡ ಅದೇ ಮುದ್ರೆದೇ ಹುಡುಕಿ ತಂದ್ರು, ಯಾರೋ ಬಿಚ್ಚಿದ ಹಳೇ ಮನೇದಂತೆ. ಸೂರಿನ ಸಾಲಿನ ಹಂಚಿಗೆಲ್ಲ ತೂತಲ್ಲಿ ತಂತಿ ಹಾಕಿ ರೀಪಿಗೆ ಕಟ್ಟಿದಾರೆ, ಗಾಳಿಗೆ ಎದ್ದೇಳಲ್ಲ. ಅಡುಗೆಮನೆ ಕತ್ತಲಾಗ್ತಿತ್ತು ಅಂತ ನಾವು ಕೇಳದೇನೇ ಎರಡು ಗಾಜಿನ ಹಂಚು ಹಾಕಿದ್ರು, ಅಮ್ಮಂಗೆ ಭಾರೀ ಖುಷಿ.

ಈಗ ದೂರು. ಜಿಐ ಪೈಪಿಗೆ ವೆಲ್ಡಿಂಗ್ ಮಾಡಿದ ಜಾಗದಲ್ಲಿ ಸತುವಿನ ಲೇಪ ಸುಟ್ಟು ಹೋಗತ್ತೆ, ತುಕ್ಕು ಶುರುವಾಗೋದೇ ಅಲ್ಲಿಂದ, ಹಾಗಾಗಿ ಕಿಟ್ಟ ಕುಟ್ಟಿ ತೆಗೆದು ಜಾಯಿಂಟಿಗೆಲ್ಲ ಪೇಂಟ್ ಹೊಡೀಲೇಬೇಕು. ಕಾಂಟ್ರ್ಯಾಕ್ಟರ್ ಇದ್ದ ದಿನ ಹುಡುಗ್ರು ಚೆನ್ನಾಗಿ ಮಾಡಿದ್ರು, ಅವ್ರು ಬೇರೆ ಸೈಟಿಗೆ ಹೋದ ದಿನ ಹಿಂದಿನ ಕೊಟ್ಟಿಗೆ ಕಡೆ ಪೇಂಟ್ ಮುಟ್ಟಿಸದೇ ಹಂಚು ಹೊದಿಸ್ಬಿಟ್ಟಿದ್ರು. ನಾನು ಏಣಿ ಹತ್ತಿ ನೋಡಿದ್ದಕ್ಕೆ ಗೊತ್ತಾಯ್ತು, ಇಲ್ದಿದ್ರೆ ಹಂಚಿನ ಅಡಿ ಯಾರಿಗೆ ಕಾಣತ್ತೆ? ಫೋನ್ ಮಾಡಿ ಗಲಾಟೆ ಮಾಡಿದ್ಮೇಲೆ ಎಲ್ಲಾ ಇಳಿಸಿ ಪೇಂಟ್ ಹೊಡೆದು ಮತ್ತೆ ಹೊದಿಸಿದ್ರು, ಅದಕ್ಕೆ ದುಡ್ಡು ಕೇಳ್ಲಿಲ್ಲ ಅನ್ನೋದನ್ನೂ ಹೇಳ್ಬೇಕು.

ಬಿಲ್ಲಲ್ಲೂ ಒಂದು ಕಿರಿಕಿರಿ ಆಯ್ತು. ರೇಟು ಚದರಡಿಗೆ ಇಷ್ಟು ಅಂತ ಮಾತಾಗಿತ್ತು, ಯಾವ ಅಳತೆ ಅಂತ ಅವ್ರೂ ಬಾಯಿಬಿಟ್ಟು ಹೇಳಿರ್ಲಿಲ್ಲ, ಕೊನೇಲಿ ಇಳಿಜಾರಿನ ಮೇಲೆ ಟೇಪ್ ಹಿಡಿದ್ರು. 30 ಡಿಗ್ರಿ ಇಳಿಜಾರಿದ್ರೆ ನೆಲದಲ್ಲಿ 1,000 ಚದರಡಿ ಇರೋದು ಮಾಡಿನ ಮೇಲೆ ಸುಮಾರು 1,155 ಆಗತ್ತೆ, ಚಾಚಿದ ಸೂರು ಬೇರೆ. ಅವ್ರ ಅಳತೆ ತಪ್ಪಲ್ಲ, ಸಾಮಾನು ಅಷ್ಟು ಹಿಡಿಯೋದು ನಿಜಾನೇ, ಆದ್ರೆ ಇದನ್ನ ಅಡ್ವಾನ್ಸ್ ಇಸ್ಕೊಳ್ಳೋಕೆ ಮುಂಚೆ ಹೇಳ್ಬೇಕಿತ್ತು. ಬಿಚ್ಚಿದ ಮರ ಯಾರಿಗೆ ಅನ್ನೋದು ಮಾತ್ರ ಮೊದ್ಲೇ ಬರೆದಿಟ್ಕೊಂಡಿದ್ವಿ, ಹಲಸಿನ ತೊಲೆ ಎರಡು ಗಟ್ಟಿ ಇದ್ವು, ನಮ್ಮ ಹತ್ರಾನೇ ಉಳ್ಕೊಂಡ್ವು.

ಮೃಗಶಿರ ಮಳೆಗೆ ಮನೆ ಒಳಗೆ ಒಂದು ಹನಿ ಬೀಳ್ಲಿಲ್ಲ. ಆರಿದ್ರಕ್ಕೆ ನೆತ್ತಿ ಹಂಚಿನ ಸಿಮೆಂಟ್ ಒಂದ್ಕಡೆ ಬಿರುಕು ಬಿಟ್ಟು ಜಗಲಿಗೆ ತೊಟ್ಟಿಕ್ಕಕ್ಕೆ ಶುರುವಾಯ್ತು, ಫೋನ್ ಮಾಡಿದ್ದಕ್ಕೆ ಮಳೆ ಹೊಳವಾದ ದಿನ ಅವ್ರೇ ಬಂದು ಸರಿ ಮಾಡಿ ಹೋದ್ರು. ಕೆಲಸ ಮುಗಿದು ದುಡ್ಡು ಕೈ ಸೇರಿದ್ಮೇಲೂ ಫೋನ್ ಎತ್ತೋ ಕಾಂಟ್ರ್ಯಾಕ್ಟರ್ ನಮ್ಮ ಕಡೆ ಎಷ್ಟು ಜನ ಇದಾರೆ ಹೇಳಿ.

ಐದಕ್ಕೆ ನಾಲ್ಕು ಕೊಡ್ತೀನಿ. ತಮ್ಮನ ಮನೆಗೂ ಇವ್ರನ್ನೇ ಕರೀತೀವಿ, ಆದ್ರೆ ಪೇಂಟ್ ನಾವು ನೋಡಿದ ಹೊರತು ಹಂಚು ಏರಿಸೋ ಹಾಗಿಲ್ಲ ಅಂತ ಮೊದ್ಲೇ ಹೇಳ್ಬಿಡ್ತೀವಿ. ನೀವೂ ಮಾಡಿಸೋದಿದ್ರೆ ದೀಪಾವಳಿ ಕಳೀತಿದ್ದಂಗೆ ಮಾತಾಡಿಟ್ಕೊಳ್ಳಿ, ಶಿವರಾತ್ರಿ ಆದ್ಮೇಲೆ ಯಾವ ಫ್ಯಾಬ್ರಿಕೇಶನ್‌ನೋರೂ ಕೈಗೆ ಸಿಗಲ್ಲ.