ಹೋಸ್ಟಿಂಗ್ ಬದಲಿಸುವ ಮುಂಚೆ ಡೊಮೇನ್ ಯಾರ ಇಮೇಲ್‌ನಲ್ಲಿದೆ ನೋಡಿಕೊಳ್ಳಿ

ಹೋಸ್ಟಿಂಗ್ (ಸೈಟ್ ಇಡಲು ಸರ್ವರ್‌ನಲ್ಲಿ ಜಾಗ) ತಗೊಂಡರೆ ಡೊಮೇನ್ (ಸೈಟಿನ ವಿಳಾಸ) ಉಚಿತ ಅಂತ ಯಾರಾದರೂ ಹೇಳಿದರೆ, ಅದು ಯಾರ ಹೆಸರಲ್ಲಿ, ಯಾವ ಇಮೇಲ್‌ನಲ್ಲಿ ನೋಂದಣಿಯಾಗುತ್ತೆ ಅಂತ ಅವತ್ತೇ ಕೇಳಿ. ನಮ್ಮ ಸಂಸ್ಥೆಯ ಡಾಟ್ ಕಾಮ್ ಡೊಮೇನನ್ನು ಹಳೆಯ ಹೋಸ್ಟ್ ಕೈಯಿಂದ ಬಿಡಿಸಿಕೊಳ್ಳುವಷ್ಟರಲ್ಲಿ ಸಾಕುಸಾಕಾಗಿ ಹೋಯಿತು. ಕಂಪನಿಯ ಹೆಸರು ಹಾಕುತ್ತಿಲ್ಲ. ಇಂಥವರು ಬೇಕಾದಷ್ಟು ಜನ ಇದ್ದಾರೆ, ಆಡುವ ಆಟಗಳೂ ಹೆಚ್ಚುಕಡಿಮೆ ಇವೇ.

ಸರ್ವರ್ ಪದೇ ಪದೇ ಕೈಕೊಡುತ್ತಿತ್ತು, ಹಾಗಾಗಿ ಬೇರೆ ಕಡೆ ಹೋಗಲು ತೀರ್ಮಾನಿಸಿದೆವು. ಫೈಲು, ಡೇಟಾಬೇಸ್ ಸಾಗಿಸುವುದರಲ್ಲಿ ಏನೂ ತೊಂದರೆ ಆಗಲಿಲ್ಲ. ಡೊಮೇನ್ ಟ್ರಾನ್ಸ್‌ಫರ್‌ಗೆ ಹಳಬರಿಂದ ಬೇಕಿದ್ದದ್ದು ಎರಡೇ: ಟ್ರಾನ್ಸ್‌ಫರ್ ತಡೆಯುವ ಲಾಕ್ ತೆಗೆಯಬೇಕು, ಆಥ್ ಕೋಡ್ (ಟ್ರಾನ್ಸ್‌ಫರ್‌ಗೆ ಬೇಕಾದ ಗುಪ್ತ ಸಂಕೇತ) ಕೊಡಬೇಕು. ಸಾಮಾನ್ಯವಾಗಿ ಎರಡೂ ಕಂಟ್ರೋಲ್ ಪ್ಯಾನೆಲ್‌ನಲ್ಲೇ ಸಿಗುತ್ತವೆ. ನಮಗೆ ಕೊಟ್ಟಿದ್ದ ಪ್ಯಾನೆಲ್‌ನಲ್ಲಿ ಡೊಮೇನ್ ಅನ್ನುವ ವಿಭಾಗವೇ ಇರಲಿಲ್ಲ.

ಸಹಾಯ ಕೋರಿ ಟಿಕೆಟ್ ಹಾಕಿದೆವು. "ಸಂಬಂಧಪಟ್ಟವರಿಗೆ ಕಳಿಸಲಾಗಿದೆ" ಅಂತ ಒಂದು ಸಾಲು, ಟಿಕೆಟ್ ಕ್ಲೋಸ್. ಮತ್ತೆ ಹಾಕಿದಾಗ, ಮುಂದಿನ ವರ್ಷದ ಹೋಸ್ಟಿಂಗ್ ಬಾಕಿ ಕಟ್ಟಿದರೆ ಮಾತ್ರ ಕೋಡ್ ಅಂದರು. ಬಳಸದೇ ಇರುವ ವರ್ಷಕ್ಕೆ ಬಾಕಿ ಎಲ್ಲಿಂದ ಬಂತು? ಡಾಟ್ ಕಾಮ್, ಡಾಟ್ ಆರ್ಗ್, ಡಾಟ್ ನೆಟ್‌ನಂಥ ಡೊಮೇನ್‌ಗಳಿಗೆ ಐಕ್ಯಾನ್ (ಡೊಮೇನ್ ವ್ಯವಸ್ಥೆ ನೋಡಿಕೊಳ್ಳುವ ಅಂತರರಾಷ್ಟ್ರೀಯ ಸಂಸ್ಥೆ) ನಿಯಮ ಅನ್ವಯಿಸುತ್ತೆ. ಡೊಮೇನಿನ ಹಿಂದಿನ ಅವಧಿಯ ಶುಲ್ಕವನ್ನೇ ಕಟ್ಟದಿದ್ದರೆ ರಿಜಿಸ್ಟ್ರಾರ್ (ಡೊಮೇನ್ ನೋಂದಾಯಿಸುವ ಕಂಪನಿ) ತಡೆಯಬಹುದು ನಿಜ, ಆದರೆ ಮುಂದಿನ ಅವಧಿಯ ಹಣ ಕೊಟ್ಟಿಲ್ಲ ಅನ್ನೋದು ಟ್ರಾನ್ಸ್‌ಫರ್ ನಿರಾಕರಿಸಲು ಕಾರಣವಾಗದು. ಹೋಸ್ಟಿಂಗ್ ಜಗಳಕ್ಕೂ ಡೊಮೇನ್‌ಗೂ ಸಂಬಂಧವೇ ಇಲ್ಲ. (ದೇಶಗಳ ಹೆಸರಿನ ಡೊಮೇನ್‌ಗಳ ನಿಯಮ ಬೇರೆ, ಅವನ್ನು ನಿರ್ವಹಿಸುವ ಆಯಾ ರಿಜಿಸ್ಟ್ರಿಯ ಪುಟದಲ್ಲೇ ನೋಡಬೇಕು.)

ಇಷ್ಟು ಬರೆದು ಕಳಿಸಿದ ಮೇಲೆ ಒಂದು ಕೋಡ್ ಬಂತು, ಅದೂ ಸ್ಕ್ರೀನ್‌ಶಾಟ್ ರೂಪದಲ್ಲಿ! ಕಾಪಿ ಮಾಡುವ ಹಾಗಿಲ್ಲ. ಸೊನ್ನೆಯೋ ಇಂಗ್ಲಿಷಿನ ಓ ಅಕ್ಷರವೋ, ಒಂದು ಅಂಕಿಯೋ ಚಿಕ್ಕ ಎಲ್ ಅಕ್ಷರವೋ ಗೊತ್ತಾಗದಂಥ ಫಾಂಟ್. ಎಲ್ಲ ರೀತಿಯಲ್ಲೂ ಹಾಕಿ ನೋಡಿದೆವು, ತಗೊಳ್ಳಲಿಲ್ಲ. ಸಾಲದ್ದಕ್ಕೆ ಲಾಕ್ ಹಾಗೇ ಇತ್ತು. ಲಾಕ್ ಇರುವ ತನಕ ಕೋಡ್ ಸರಿಯಿದ್ದರೂ ಪ್ರಯೋಜನವಿಲ್ಲ.

ಆಗ ಐಕ್ಯಾನ್‌ನ ಲುಕಪ್ ಪುಟದಲ್ಲಿ ನಮ್ಮ ಡೊಮೇನ್ ಹಾಕಿ ನೋಡಿದೆವು. ಇದನ್ನು ನೀವು ಇವತ್ತೇ ಮಾಡಿ, ದುಡ್ಡೇನೂ ಬೇಕಿಲ್ಲ. ಸ್ಟೇಟಸ್ ಎದುರು 'ಕ್ಲೈಂಟ್ ಟ್ರಾನ್ಸ್‌ಫರ್ ಪ್ರೊಹಿಬಿಟೆಡ್', ಅಂದರೆ ಲಾಕ್. ಅವಧಿ ಮುಗಿಯುವ ದಿನಾಂಕ ಹತ್ತಿರದಲ್ಲೇ ಇತ್ತು. ಇವರು ಯಾಕೆ ದಿನ ತಳ್ಳುತ್ತಿದ್ದರು ಅಂತ ಆಗ ತಿಳಿಯಿತು. ಮುಖ್ಯವಾದ ಸಾಲು ರಿಜಿಸ್ಟ್ರಾರ್‌ನದು. ಅಲ್ಲಿ ನಮ್ಮ ಹೋಸ್ಟ್ ಹೆಸರೇ ಇಲ್ಲ, ಬೇರೊಂದು ದೊಡ್ಡ ಕಂಪನಿ ಇತ್ತು. ಹೋಸ್ಟ್ ಬರೀ ರಿಸೆಲ್ಲರ್, ಅಂದರೆ ಅವರಿಂದ ತಂದು ಮಾರುವವರು. ಐಕ್ಯಾನ್ ಒಪ್ಪಂದ ಇರುವುದು ರಿಜಿಸ್ಟ್ರಾರ್ ಜೊತೆಗೆ, ರಿಸೆಲ್ಲರ್ ಜೊತೆಗಲ್ಲ. ಹಾಗಾಗಿ ಇಂಥವರ ಜೊತೆ ಗುದ್ದಾಡುತ್ತಾ ಕೂರಬೇಡಿ, ನೇರ ರಿಜಿಸ್ಟ್ರಾರ್‌ಗೇ ಬರೆಯಿರಿ.

ರಿಜಿಸ್ಟ್ರಾರ್ ನೋಡಿ ಹೇಳಿದ್ದು: ಡೊಮೇನ್ ನಿಮ್ಮ ಸಂಸ್ಥೆಯ ಹೆಸರಲ್ಲೇ ಇದೆ, ಆದರೆ ಇಮೇಲ್ ಮಾತ್ರ ಹೋಸ್ಟ್‌ನದು. ಜುಟ್ಟು ಅವರ ಕೈಯಲ್ಲಿದ್ದದ್ದು ಹೀಗೆ. ಒಪ್ಪಿಗೆ ಕೇಳಿ ಬರುವ ಮೇಲ್, ರಿನ್ಯೂವಲ್ ಎಚ್ಚರಿಕೆ ಎಲ್ಲ ಅವರ ಇನ್‌ಬಾಕ್ಸ್‌ಗೆ.

ಈ ವಿಷಯ ಎತ್ತಿದ್ದೇ ತಡ, ಹೋಸ್ಟ್ ಇದ್ದಕ್ಕಿದ್ದಂತೆ ಬೆಣ್ಣೆಯಾದರು. "ಇಮೇಲ್ ಈಗಲೇ ನಿಮ್ಮದಕ್ಕೆ ಬದಲಿಸಿಕೊಡ್ತೀವಿ, ಆಮೇಲೆ ಆರಾಮಾಗಿ ಟ್ರಾನ್ಸ್‌ಫರ್ ಮಾಡ್ಕೊಳ್ಳಿ" ಅಂದರು. ಇದು ಎಲ್ಲಕ್ಕಿಂತ ಕೆಟ್ಟ ಬಲೆ. ನೋಂದಣಿದಾರರ ಹೆಸರು, ಸಂಸ್ಥೆ ಅಥವಾ ಇಮೇಲ್ ಬದಲಾದರೆ 60 ದಿನ ಟ್ರಾನ್ಸ್‌ಫರ್‌ಗೆ ತಡೆ ಬೀಳುತ್ತೆ. 2016ರ ಡಿಸೆಂಬರ್‌ನಿಂದ ಇರುವ ನಿಯಮ. ಅಷ್ಟರಲ್ಲಿ ನಮ್ಮ ಅವಧಿ ಮುಗಿದು, ರಿನ್ಯೂವಲ್‌ಗೆ ಮತ್ತೆ ಅವರ ಕಾಲಿಗೇ ಬೀಳಬೇಕಾಗುತ್ತಿತ್ತು. ಈ ತಡೆ ಬೇಡ ಅಂತ ಮೊದಲೇ ಹೇಳಲು ಕೆಲವು ರಿಜಿಸ್ಟ್ರಾರ್‌ಗಳು ಅವಕಾಶ ಕೊಡುತ್ತಾರೆ, ಆದರೆ ಬದಲಾವಣೆ ಆಗುವ ಮುಂಚೆಯೇ ಕೇಳಿರಬೇಕು, ಆದ ಮೇಲೆ ಕೇಳಿದರೆ ಇಲ್ಲ. ನಾವು ಹೋಸ್ಟ್‌ಗೆ ಬೇಡ ಅಂದು, ರಿಜಿಸ್ಟ್ರಾರ್‌ಗೆ ಸಂಸ್ಥೆಯ ನೋಂದಣಿ ಪತ್ರ, ಹಳೆಯ ಇನ್‌ವಾಯ್ಸ್‌ಗಳು, ಟಿಕೆಟ್‌ಗಳ ಪ್ರತಿ ಎಲ್ಲ ಕಳಿಸಿದೆವು. ಕೋಡ್ ಕೇಳಿದ 5 ದಿನದೊಳಗೆ ಕೊಡಬೇಕು ಅನ್ನುವ ನಿಯಮವನ್ನೂ, ಇಲ್ಲದಿದ್ದರೆ ಐಕ್ಯಾನ್‌ಗೆ ದೂರು ಕೊಡುತ್ತೇವೆ ಅನ್ನುವುದನ್ನೂ ಸೌಜನ್ಯವಾಗಿಯೇ ಸೇರಿಸಿದೆವು. ದಾಖಲೆ ತಾಳೆ ನೋಡಿ, ತಡೆ ಬೀಳದ ಹಾಗೆ ಇಮೇಲ್ ಬದಲಿಸಿ, ಲಾಕ್ ತೆಗೆದು, ಕೋಡನ್ನು ನಮಗೇ ಕಳಿಸಿದರು. ಆಮೇಲಿನದು ಸಲೀಸು: ಹಳೆಯ ರಿಜಿಸ್ಟ್ರಾರ್ 5 ದಿನದಲ್ಲಿ ಆಕ್ಷೇಪಿಸದಿದ್ದರೆ ಟ್ರಾನ್ಸ್‌ಫರ್ ತಾನಾಗಿ ಆಗುತ್ತೆ, ಅವಧಿಯೂ ಒಂದು ವರ್ಷ ಮುಂದೆ ಹೋಗುತ್ತೆ.

ಒಂದು ಏಟು ಮಾತ್ರ ಬಾಕಿ ಇತ್ತು. ಡೊಮೇನ್ ಟ್ರಾನ್ಸ್‌ಫರ್ ಆದ ಮಾತ್ರಕ್ಕೆ ನೇಮ್‌ಸರ್ವರ್ (ಸೈಟ್, ಮೇಲ್ ಎಲ್ಲಿವೆ ಅಂತ ಹೇಳುವ ಸರ್ವರ್) ಬದಲಾಗಲ್ಲ, ಹಳೆಯ ಹೋಸ್ಟ್ ಕಡೆಗೇ ತೋರಿಸುತ್ತಿರುತ್ತೆ. ಅವರು ತಿಳಿದ ಕೂಡಲೇ ಅದರಲ್ಲಿ ಆ ವಿವರ ಇಟ್ಟಿದ್ದ ನಮ್ಮ ಡಿಎನ್‌ಎಸ್ ರೆಕಾರ್ಡ್‌ಗಳನ್ನೆಲ್ಲ ಅಳಿಸಿ ಹಾಕಿದರು. ಸೈಟ್ ಹೋಯಿತು, ಮೇಲ್ ನಿಂತಿತು. ಪುಣ್ಯಕ್ಕೆ ನಮ್ಮಲ್ಲೊಬ್ಬರು ಜಗಳ ಶುರುವಾದಾಗಲೇ ಅವನ್ನೆಲ್ಲ ಕಾಪಿ ಮಾಡಿಟ್ಟಿದ್ದರು; ಮೇಲ್ ಎಲ್ಲಿಗೆ ಬರಬೇಕು ಅನ್ನುವ ಎಂಎಕ್ಸ್ ಬಿಡಿ, ಮೇಲ್ ನಮ್ಮದೇ ಅಂತ ಸಾಬೀತು ಮಾಡುವ ಆ ಉದ್ದುದ್ದ ಡಿಕಿಮ್ ಕೀ ಯಾರಿಗೆ ನೆನಪಿರುತ್ತೆ? ಹೊಸ ಕಡೆ ರೆಕಾರ್ಡ್‌ಗಳನ್ನು ಹಾಕಿ ನೇಮ್‌ಸರ್ವರ್ ಬದಲಿಸಿದೆವು. ಆದರೂ ಡಾಟ್ ಕಾಮ್‌ನಲ್ಲಿ ಹಳೆಯ ನೇಮ್‌ಸರ್ವರ್ ವಿವರ 48 ಗಂಟೆವರೆಗೆ ಕ್ಯಾಶ್‌ನಲ್ಲಿ (ಬೇರೆ ಸರ್ವರ್‌ಗಳ ತಾತ್ಕಾಲಿಕ ನೆನಪಿನಲ್ಲಿ) ಉಳಿಯಬಹುದಾದ್ದರಿಂದ, ಮೇಲ್ ಒಬ್ಬೊಬ್ಬರಿಂದ ಒಂದೊಂದು ಹೊತ್ತಿಗೆ ಬರತೊಡಗಿತು. ನೀವಾದರೆ ಲಾಕ್ ತೆಗೆಯುವ ಹೊತ್ತಿಗೇ ನೇಮ್‌ಸರ್ವರನ್ನೂ ಬದಲಿಸಿಕೊಡಲು ರಿಜಿಸ್ಟ್ರಾರ್‌ಗೆ ಹೇಳಿ.

ಹಳೆಯ ಹೋಸ್ಟ್‌ನಿಂದ ಡೊಮೇನ್ ರಿನ್ಯೂವಲ್ ಇನ್‌ವಾಯ್ಸ್ ಇನ್ನೂ ಬರುತ್ತಿದೆ. ನಿಮಗೂ ಬಂದರೆ ಲೆಕ್ಕಪತ್ರ ನೋಡುವವರಿಗೆ ಮೊದಲೇ ತಿಳಿಸಿಡಿ, ಅಭ್ಯಾಸಬಲದಲ್ಲಿ ಕಟ್ಟಿಬಿಟ್ಟಾರು.