ಹಳೇ ಕ್ಯಾರವಾನ್‌ಗೆ ಮಾಡ್ಸಿದ ಡ್ಯಾಂಪ್ (ತೇವ) ಚೆಕ್, ಕೊಟ್ಟ ದುಡ್ಡಿಗೆ ಮೋಸ ಇಲ್ಲ
ಇಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ 2009ರ ನಾಲ್ಕು ಬರ್ತ್ ಕ್ಯಾರವಾನ್ (ಕಾರಿನ ಹಿಂದೆ ಎಳ್ಕೊಂಡು ಹೋಗೋ ಮನೆಯಂಥ ಗಾಡಿ) ಒಂದನ್ನ ನೋಡಿ ನಾನೂ ಹೆಂಡ್ತಿನೂ ಫಿದಾ ಆಗ್ಬಿಟ್ಟಿದ್ವಿ, ಕರ್ಟನ್ ಕುಶನ್ ಎಲ್ಲ ಹೊಸದು, ಆದ್ರೂ ಯಾಕೋ ಅನುಮಾನ ಬಂದು ಗಾಡಿ ನಿಂತ ಕಡೆನೇ ಬಂದು ಚೆಕ್ ಮಾಡೋ ಇಂಜಿನಿಯರ್ ಒಬ್ರನ್ನ ಕರೆಸಿದ್ವಿ. ಪುಣ್ಯಾತ್ಮ ಎರಡು ಗಂಟೆ ತೇವ ಅಳೆಯೋ ಮೀಟರ್ ಹಿಡ್ಕೊಂಡು ಕಿಟಕಿ ಸುತ್ತ, ಲಾಕರ್ ಒಳಗೆ, ಮೂಲೆ ಮೂಲೆ ನೋಡಿದ್ರು. ತೇವ 15 ಪರ್ಸೆಂಟ್ ಒಳಗಿದ್ರೆ ಚಿಂತೆ ಇಲ್ವಂತೆ, 20 ದಾಟಿದ್ರೆ ನೀರು ಎಲ್ಲಿಂದ ಬರ್ತಿದೆ ಹುಡುಕ್ಬೇಕು, 30ರ ಮೇಲೆ ಹೋದ್ರೆ ಒಳಗಿನ ಮರ ಕೊಳೀತಿರೋ ಚಾನ್ಸ್ ಜಾಸ್ತಿ. ಇದು ಮುಂದಿನ ಮೂಲೇಲಿ 34! ಆವ್ನಿಂಗ್ ರೈಲ್ (ಪಕ್ಕದಲ್ಲಿ ಟೆಂಟ್ ಸಿಕ್ಕಿಸೋ ಪಟ್ಟಿ) ಸೀಲ್ ಹೋಗಿ ನೀರು ಇಳಿದಿತ್ತು. ಬಾಗಿಲ ಹತ್ರ ಕಾಲಿಟ್ರೆ ನೆಲ ಮೆತ್ತಗೆ ಅನ್ಸೋದು, ನಾನು ಕಾರ್ಪೆಟ್ ದಪ್ಪ ಇದೆ ಅಂದ್ಕೊಂಡಿದ್ದೆ ನೋಡಿ 😅 ನೆಲದ ಪ್ಲೈವುಡ್ಡು ಅದಕ್ಕೆ ಅಂಟಿರೋ ಫೋಮಿಂದ ಬಿಟ್ಕೊಂಡಿದೆ ಅಂದ್ರು ಇಂಜಿನಿಯರ್. ರಿಪೋರ್ಟ್ ಬರೋಕೆ ನಾಲ್ಕು ದಿನ ಆಯ್ತು, ಅದೊಂದೇ ಬೇಜಾರು. ಗಾಡಿ ತಗೊಳ್ಲಿಲ್ಲ.